ಟೆನ್ಶನ್ ಆದಾಗ ಮೈಯೊಳಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ 26 ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು. ನಿವೃತ್ತಿಯಾದ ಮೇಲೆ ಮಹಡಿಯ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೇನೆ. ಗದಗ, ಹಾವೇರಿ ಕಡೆಯಿಂದ ಬಂದು ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗರು ಅಲ್ಲಿದ್ದಾರೆ. ಅವರು, ಅವರ ಅಪ್ಪ ಅವ್ವ, ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಮೈ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಹೇಳಬಲ್ಲೆ. ಔಷಧಿ ವಿಚಾರ ಡಾಕ್ಟರೇ ನೋಡಬೇಕು.

ಟೆನ್ಶನ್ ಅನ್ನೋದು ಮನಸ್ಸಿಂದೋ, ಮೈಯಿಂದೋ?

ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ನನಗೇ ಆದದ್ದು ಹೇಳುತ್ತೇನೆ.

ಒಂದು ಸಂಜೆ ಹುಬ್ಬಳ್ಳಿ ನವನಗರದ ಹತ್ತಿರ ರಸ್ತೆ ದಾಟುತ್ತಿದ್ದೆ. ಮಗಳ ಫೋನ್ ಬಂದಿತ್ತು, ಮಾತಾಡುತ್ತಲೇ ಹೆಜ್ಜೆ ಇಟ್ಟೆ. ಚಿಗರಿ ಬಸ್ಸು ಬಂದದ್ದು ಕಾಣಲೇ ಇಲ್ಲ. ಹಾರ್ನ್ ಕೇಳಿತು. ಏನು ಎತ್ತ ಅಂತ ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಜಿಗಿದಿತ್ತು. ಬಸ್ಸು ಹೋಯಿತು. ಎದೆ ಡವಡವ ಅನ್ನುತ್ತಿತ್ತು. ಬಾಯಿ ಒಣಗಿತ್ತು, ಅಂಗೈ ಬೆವರಿತ್ತು. ಚಹಾದಂಗಡಿಯ ಹುಡುಗ "ಕುಂದರ್ರಿ ಅಕ್ಕಾರ" ಅಂತ ಸ್ಟೂಲ್ ಹಾಕಿದ, ಚಹಾ ತಂದುಕೊಟ್ಟ. ಗ್ಲಾಸು ಹಿಡಿದ ಕೈ ನಡುಗಿ ಚಹಾ ಸೀರೆ ಮೇಲೆ ಚೆಲ್ಲಿತು. ಬಸ್ಸು ಅಷ್ಟೊತ್ತಿಗೆ ಎರಡು ಸ್ಟಾಪ್ ದಾಟಿರಬೇಕು. ನನ್ನ ಕೈ ಮಾತ್ರ ಇನ್ನೂ ನಡುಗುತ್ತಿತ್ತು.

ಹೆದರಿದ್ದು ಮನಸ್ಸು. ಜಿಗಿದದ್ದು, ಬೆವರಿದ್ದು, ನಡುಗಿದ್ದು ಮೈ. ಎರಡರ ನಡುವೆ ಅರ್ಧ ಸೆಕೆಂಡಿನ ಅಂತರವೂ ಇರಲಿಲ್ಲ.

ಅಷ್ಟು ಬೇಗ ಮೈಗೆ ಹೇಗೆ ಗೊತ್ತಾಗುತ್ತದೆ?

ಮಿದುಳಿನೊಳಗೆ, ಎರಡೂ ಕಿವಿಯ ಮಟ್ಟದಲ್ಲಿ ಒಳಗೆ, ಬಾದಾಮಿ ಬೀಜದ ಆಕಾರದ ಒಂದೊಂದು ಭಾಗ ಇದೆ. ಅದರ ಹೆಸರು ಅಮಿಗ್ಡಲಾ. ಕಣ್ಣು, ಕಿವಿ ತಂದ ಸುದ್ದಿಯಲ್ಲಿ ಅಪಾಯದ ವಾಸನೆ ಬಂದರೆ ಸಾಕು, ಅದು ಪೂರ್ತಿ ವಿಚಾರಣೆಗೆ ಕಾಯುವುದಿಲ್ಲ. ಮಿದುಳಿನ ತಳದಲ್ಲಿ ನಡುವೆ ಇರುವ ಹೈಪೋಥಾಲಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಬೆನ್ನುಹುರಿಯ ನರಗಳ ಮೂಲಕ ಕಿಡ್ನಿಗಳ ಮೇಲೆ ಟೊಪ್ಪಿಗೆ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಆದೇಶ ಹೋಗುತ್ತದೆ. ಅವು ರಕ್ತಕ್ಕೆ ಅಡ್ರಿನಾಲಿನ್ ಅನ್ನುವ ಹಾರ್ಮೋನು ಬಿಡುತ್ತವೆ.

ಆಮೇಲೆ ಆಗುವುದೆಲ್ಲಾ ಓಡಲು ಅಥವಾ ಹೊಡೆದಾಡಲು ಬೇಕಾದ ತಯಾರಿ. ಹೃದಯ ಜೋರಾಗಿ ಬಡಿಯುತ್ತದೆ, ಯಾಕೆಂದರೆ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಬೇಕು. ಉಸಿರು ವೇಗವಾಗುತ್ತದೆ. ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ. ಆ ಹೊತ್ತಿಗೆ ಊಟ ಅರಗಿಸುವುದು ಮುಖ್ಯವಲ್ಲ, ಹಾಗಾಗಿ ಹೊಟ್ಟೆಯ ಕೆಲಸ ನಿಧಾನ, ಜೊಲ್ಲು ಕಡಿಮೆ. ಬಾಯಿ ಒಣಗುವುದು ಇದಕ್ಕೇ. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. "ಹೋರಾಡು ಇಲ್ಲವೇ ಓಡು" ಅಂತ ಪಠ್ಯದಲ್ಲಿ ಓದುತ್ತೇವಲ್ಲ, ಅದು ಅವರ ಮಾತು.

ಅಪಾಯ ಹೋದ ಮೇಲೂ ನಡುಕ ಯಾಕೆ ನಿಲ್ಲುವುದಿಲ್ಲ?

ರಕ್ತಕ್ಕೆ ಸೇರಿದ ಅಡ್ರಿನಾಲಿನ್ ಕರಗಲು ಕೆಲವು ನಿಮಿಷ ಬೇಕು. ಅದರ ಹಿಂದೆಯೇ ಎರಡನೇ ಅಲೆ ಬರುತ್ತದೆ. ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಬಿಡುತ್ತದೆ. ಈ ಸುದ್ದಿ ರಕ್ತದಲ್ಲಿ ಹೋಗುವುದರಿಂದ ನಿಧಾನ. ಕಾರ್ಟಿಸಾಲ್ ತನ್ನ ಎತ್ತರ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು.

ಇಳಿಸುವ ವ್ಯವಸ್ಥೆಯೂ ಇದರಲ್ಲೇ ಇದೆ. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ? ನೀರು ಏರಿದಂತೆ ಬಾಲ್ ಏರಿ ನಲ್ಲಿ ತಾನಾಗಿ ಬಂದ್ ಆಗುತ್ತದೆ. ಹಾಗೆಯೇ ರಕ್ತದಲ್ಲಿ ಕಾರ್ಟಿಸಾಲ್ ಏರಿದ್ದನ್ನು ಮಿದುಳು ಗಮನಿಸಿ "ಇನ್ನು ಸಾಕು" ಅನ್ನುತ್ತದೆ. ಒಂದು ಗಂಟೆ, ಒಂದೂವರೆ ಗಂಟೆಯೊಳಗೆ ಮೈ ಮೊದಲಿನ ಹಾಗಾಗುತ್ತದೆ. ಆ ಸಂಜೆ ನಾನು ಮನೆಗೆ ಬಂದು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸರಿಯಾಗಿತ್ತು.

ಕಾರ್ಟಿಸಾಲ್ ಕೆಟ್ಟದ್ದು ಅಂತಾರಲ್ಲ?

ಅದಿಲ್ಲದೆ ಬದುಕಲು ಆಗುವುದಿಲ್ಲ. ಬೆಳಿಗ್ಗೆ ನಾವು ಹಾಸಿಗೆಯಿಂದ ಏಳಲು ನೆರವಾಗುವುದೂ ಅದೇ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅತಿ ಜಾಸ್ತಿ ಇರುತ್ತದೆ, ಮಧ್ಯರಾತ್ರಿ ಹೊತ್ತಿಗೆ ಅತಿ ಕಡಿಮೆ. ತೊಂದರೆ ಶುರುವಾಗುವುದು ಈ ಏರಿಳಿತ ಕೆಟ್ಟಾಗ.

ಪರೀಕ್ಷೆ ಹಾಲಿನಲ್ಲಿ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತದೆ. ನನಗೆ ಬುದ್ಧಿ ಕಡಿಮೆಯಾ?

ಇಲ್ಲ ತಮ್ಮಾ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಸಪ್ತಾಪುರದ ಲೈಬ್ರರಿಗಳಲ್ಲಿ ಬೆಳಿಗ್ಗೆ ಆರರಿಂದ ಕೂತು ಓದುವ ಎಷ್ಟೋ ಮಕ್ಕಳು ಇದೇ ಮಾತನ್ನು ಒಳಗೊಳಗೇ ಕೇಳಿಕೊಳ್ಳುತ್ತಿದ್ದಾರೆ.

ನಮ್ಮ ಮಹಡಿಯ ಹುಡುಗನೊಬ್ಬ ಪರೀಕ್ಷೆ ಬರೆದು ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. "ಅಕ್ಕಾರ, ರಾಜ್ಯ ಏಕೀಕರಣ ಆದ ವರ್ಷ ಕೇಳಿದ್ರು. ಆಲೂರು ವೆಂಕಟರಾಯರ ಊರಾಗ ಮೂರು ವರ್ಷದಿಂದ ಅದನ್ನ ಓದಾಕತ್ತೀನಿ. ಒಂದೂ ನೆನಪಾಗಲಿಲ್ಲ" ಅಂದ. ಹಾಲಿನಿಂದ ಹೊರಗೆ ಬಂದು ಬೈಕ್ ಕೀಲಿ ಹಾಕುವಾಗ 1956 ಅಂತ ಥಟ್ಟನೆ ನೆನಪಾಯಿತಂತೆ. ಅವನ ಕಣ್ಣಲ್ಲಿ ನೀರಿತ್ತು.

ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಯೋಚಿಸುವ, ಲೆಕ್ಕ ಹಾಕುವ, ಆಯ್ಕೆ ಮಾಡುವ ಕೆಲಸ ಮಾಡುತ್ತದೆ. ಹಿಪೊಕ್ಯಾಂಪಸ್ ಅನ್ನುವ ಭಾಗ ನೆನಪುಗಳನ್ನು ಜೋಡಿಸಿ ಹೊರಗೆ ತೆಗೆಯುತ್ತದೆ. ಭಯ ತೀರಾ ಏರಿದಾಗ ಇವೆರಡರ ಕೆಲಸವೂ ಮಂಕಾಗುತ್ತದೆ, ಅಮಿಗ್ಡಲಾದ ಜೋರು ನಡೆಯುತ್ತದೆ. ಎದುರಿಗೆ ಹುಲಿ ಇದ್ದಾಗ ಯೋಚನೆಗಿಂತ ಓಟ ಒಳ್ಳೆಯದು, ಮೈ ಆ ಲೆಕ್ಕದಲ್ಲೇ ಬೆಳೆದು ಬಂದಿದೆ. ಪ್ರಶ್ನೆಪತ್ರಿಕೆ ಹುಲಿಯಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 1956 ಅನ್ನುವ ನೆನಪು ಅವನ ತಲೆಯಲ್ಲೇ ಇತ್ತು. ಅದನ್ನು ತೆಗೆಯುವ ದಾರಿ ಆ ಹೊತ್ತಿಗೆ ಮುಚ್ಚಿತ್ತು. ಹೊರಗೆ ಬಂದು ಭಯ ಇಳಿದ ಕೂಡಲೇ ತೆರೆದುಕೊಂಡಿತು.

ಸ್ವಲ್ಪ ಟೆನ್ಶನ್ ಒಳ್ಳೆಯದೇ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕಷ್ಟದ ಪಾಠ ಕಲಿಯುವಾಗ ಒತ್ತಡ ತೀರಾ ಕಡಿಮೆ ಇದ್ದರೂ, ತೀರಾ ಜಾಸ್ತಿ ಇದ್ದರೂ ಕಲಿಕೆ ಕುಗ್ಗಿತು. ನಡುವಿನ ಮಟ್ಟದಲ್ಲಿ ಚೆನ್ನಾಗಿ ನಡೆಯಿತು.

ಹಾಲಿನಲ್ಲಿ ತಲೆ ಖಾಲಿ ಆಯಿತು ಅನ್ನಿಸಿದರೆ ಪೆನ್ನು ಕೆಳಗಿಡಿ. ಎರಡೂ ಪಾದ ನೆಲಕ್ಕೆ ಊರಿ. ಐದಾರು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಆಮೇಲೆ ಅತಿ ಸುಲಭದ ಪ್ರಶ್ನೆ ಹುಡುಕಿ ಅದನ್ನು ಮಾಡಿ. ಸಿಕ್ಕಿಬಿದ್ದ ಪ್ರಶ್ನೆಯ ಜತೆ ಗುದ್ದಾಡಬೇಡಿ, ಬಿಟ್ಟು ಮುಂದೆ ಹೋಗಿ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಗಡಿಯಾರ ಇಟ್ಟುಕೊಂಡು, ಪರೀಕ್ಷೆಯ ಹೊತ್ತಿಗೇ ಕೂತು ಬರೆಯಿರಿ. ಮೈಗೆ ಆ ಸನ್ನಿವೇಶ ರೂಢಿಯಾದಷ್ಟೂ ಗಾಬರಿ ಕಡಿಮೆ.

ಬಸ್ಸು ಹೋಗುತ್ತದೆ, ಪರೀಕ್ಷೆ ಮುಗಿಯುತ್ತದೆ. ಸಾಲ ಮುಗಿಯುವುದಿಲ್ಲವಲ್ಲ?

ಇದನ್ನು ಕೇಳಿದವರು ಬ್ಯಾಡಗಿ ಕಡೆಯ ರೈತರು, ಮಹಡಿಯ ಹುಡುಗನ ಅಪ್ಪ. ಮೆಣಸಿನಕಾಯಿ ಕಿತ್ತು ಕಣದಲ್ಲಿ ಹರವಿದ್ದರು. ಮೋಡ ಕಟ್ಟಿತು. ರಾತ್ರಿಯಿಡೀ ತಾಡಪಾಲ ಹಿಡಿದು ಕೂತರು. ಮಳೆ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಮರುದಿನ ಮಾರ್ಕೆಟ್‌ನಲ್ಲಿ ದರ ಬಿತ್ತು. ಅದರ ಮುಂದಿನ ವಾರ ಸಾಲದ ಕಂತು. ಅವರ ಮೈಗೆ ಒಂದು ಬಸ್ಸು ಹೋದ ಕೂಡಲೇ ಇನ್ನೊಂದು ಬಸ್ಸು ಬರುತ್ತಲೇ ಇದೆ.

ಬೆನ್ನಟ್ಟಿದ ನಾಯಿಯಿಂದ ದನ ತಪ್ಪಿಸಿಕೊಂಡು ಬಂದರೆ ಸ್ವಲ್ಪ ಹೊತ್ತಿಗೆ ಮೇಯಲು ಶುರು ಮಾಡುತ್ತದೆ. ಮನುಷ್ಯ ಮುಂದಿನ ತಿಂಗಳ ಕಂತನ್ನು ಇವತ್ತು ರಾತ್ರಿಯೇ ಮನಸ್ಸಿನಲ್ಲಿ ಕಟ್ಟುತ್ತಾನೆ. ಬರೀ ಯೋಚನೆಗೂ ಅದೇ ಅಡ್ರಿನಾಲಿನ್, ಅದೇ ಕಾರ್ಟಿಸಾಲ್ ಬರುತ್ತವೆ. ಬಾಲ್ ವಾಲ್ವ್ ಸಿಕ್ಕಿಹಾಕಿಕೊಂಡ ಟ್ಯಾಂಕಿನ ಹಾಗೆ.

ಹ್ಯಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ 1936ರಲ್ಲಿ ಇದನ್ನು ಇಲಿಗಳಲ್ಲಿ ಕಂಡರು. ಚಳಿ, ಗಾಯ, ವಿಪರೀತ ದಣಿವು, ಕಾರಣ ಯಾವುದೇ ಇರಲಿ, ಬಹಳ ದಿನ ನಡೆದರೆ ಮೈ ಒಂದೇ ರೀತಿ ಸೋಲುತ್ತಿತ್ತು. ಅಡ್ರಿನಲ್ ಗ್ರಂಥಿ ಊದುತ್ತಿತ್ತು, ರೋಗ ತಡೆಯುವ ಅಂಗಗಳು ಕುಗ್ಗುತ್ತಿದ್ದವು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು.

ಮನುಷ್ಯರಲ್ಲೂ ತಿಂಗಳುಗಟ್ಟಲೆ ಹೀಗೇ ನಡೆದರೆ ಬಿಪಿ ಏರುತ್ತದೆ. ನಿದ್ದೆ ಕೆಡುತ್ತದೆ. ಸೊಂಟದ ಸುತ್ತ ಬೊಜ್ಜು ಸೇರುತ್ತದೆ. ಕುತ್ತಿಗೆ, ಭುಜದ ಸ್ನಾಯು ಸದಾ ಬಿಗಿದು ತಲೆಬ್ಯಾನಿ ಬರುತ್ತದೆ. ಸಣ್ಣ ಮಾತಿಗೂ ಸಿಟ್ಟು. ಗಾಯ ಕೂಡ ತಡವಾಗಿ ಮಾಯುತ್ತದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಮರೆಯುವುದಿಲ್ಲ. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಹೆಂಗಸರ ಚರ್ಮದ ಮೇಲೆ ಒಂದೇ ಅಳತೆಯ ಸಣ್ಣ ಗಾಯ ಮಾಡಿ ನೋಡಿದರು. ಅದೇ ವಯಸ್ಸಿನ ಬೇರೆಯವರಿಗಿಂತ ಅವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಬೇಕಾಯಿತು. ಅತ್ತೆ ಹಾಸಿಗೆ ಹಿಡಿದಿದ್ದ ನಾಲ್ಕು ವರ್ಷ ನನ್ನ ಬೆರಳಿನ ಸಣ್ಣ ಕೊಯ್ತವೂ ಹಠ ಹಿಡಿದು ಕೂರುತ್ತಿತ್ತು. ಅದಕ್ಕೆ ಇದೇ ಕಾರಣ ಅಂತ ಖಂಡಿತ ಹೇಳಲಾರೆ. ಆದರೆ ಆ ಲೇಖನ ಓದಿದ ದಿನ ಯಾರೋ ನನ್ನ ಕೈ ಹಿಡಿದ ಹಾಗಾಯಿತು.

ಡಾಕ್ಟರು "ಏನಿಲ್ಲ, ಬರೀ ಟೆನ್ಶನ್" ಅಂದರು. ಹಾಗಾದರೆ ನನಗೆ ಕಾಯಿಲೆ ಇಲ್ಲ ಅಂತಾನಾ?

ನನಗೂ ಒಬ್ಬರು ಹೀಗೇ ಹೇಳಿ ಎರಡು ನಿಮಿಷಕ್ಕೆ ಕಳಿಸಿದ್ದರು. ಬಹಳ ನೋವಾಗಿತ್ತು. ನೋವು ನಟನೆ ಅಂದ ಹಾಗೆ ಕೇಳಿಸುತ್ತದೆ ಆ ಮಾತು. ಟೆಸ್ಟ್ ರಿಪೋರ್ಟ್ ನಾರ್ಮಲ್ ಬಂದರೆ ಹೃದಯ, ಕಿಡ್ನಿ ಚೆನ್ನಾಗಿವೆ ಅಂತ ಅರ್ಥ. ನಿಮ್ಮ ನೋವು ಸುಳ್ಳು ಅಂತ ಅರ್ಥವಲ್ಲ. ಬಿಗಿದ ಸ್ನಾಯು ನಿಜವಾಗಿ ನೋಯುತ್ತದೆ. "ಹಾಗಾದರೆ ಟೆನ್ಶನ್‌ಗೆ ಏನು ಮಾಡಲಿ, ಯಾರಿಗೆ ತೋರಿಸಲಿ?" ಅಂತ ಅಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಎದೆ ನೋವು ಬಂದರೆ ಅದು ಟೆನ್ಶನ್ನೋ, ಹಾರ್ಟ್ ಅಟ್ಯಾಕೋ?

ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಎದೆ ಹಿಂಡಿದ ಹಾಗೆ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು ಕಂಡರೆ 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ಹೆಂಗಸರಿಗೆ, ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಗಾಬರಿಯಿಂದ ಬಂದ ಎದೆಬಡಿತ ಅಂತ ಆಸ್ಪತ್ರೆಯಲ್ಲಿ ಗೊತ್ತಾದರೆ ಸಂತೋಷ. ಹೋದದ್ದು ದಂಡ ಅಲ್ಲ.

ಟೆನ್ಶನ್ ಆದರೆ ಹೊಟ್ಟೆ ಯಾಕೆ ಕೆಡುತ್ತದೆ?

ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ವೇಗಸ್ ಅನ್ನುವ ಉದ್ದ ನರದ ಮೂಲಕ ಅವು ಮಿದುಳಿನ ಜತೆ ಸದಾ ಮಾತಾಡುತ್ತವೆ. ಭಯ ಆದಾಗ ಜಠರ ನಿಧಾನ ಆಗುತ್ತದೆ, ದೊಡ್ಡ ಕರುಳು ಅವಸರ ಮಾಡುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಮೂರು ಸಲ ಸಂಡಾಸಕ್ಕೆ ಓಡುವುದು ಇದರಿಂದಲೇ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ "ಹೊಟ್ಟಿ ನೋಯ್ತೈತಿ" ಅನ್ನುವ ಮಗುವಿಗೆ ನೋವು ನಿಜವಾಗಿಯೇ ಇರುತ್ತದೆ. ಬೈಯುವ ಮೊದಲು ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ಕೇಳಿ.

ಹೊಟ್ಟೆ ಹುಣ್ಣಿನ ಬಗ್ಗೆ ಒಂದು ಮಾತು. ಬಹಳ ವರ್ಷ ಎಲ್ಲರೂ ಅದು ಟೆನ್ಶನ್‌ನಿಂದ, ಖಾರದಿಂದ ಅಂತ ನಂಬಿದ್ದರು. ಹೆಚ್ಚಿನ ಹುಣ್ಣುಗಳಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆಗಳು ಕಾರಣ. ಇದನ್ನು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹಾಗಾಗಿ ಹೊಟ್ಟೆ ಉರಿ ವಾರಗಟ್ಟಲೆ ಇದ್ದರೆ ಮಿರ್ಚಿ ಬಿಟ್ಟು ಸುಮ್ನೆ ಕೂರಬೇಡಿ, ತೋರಿಸಿ.

ಶುಗರ್ ಇದೆ. ಊಟ ಸರಿಯಾಗೇ ಮಾಡ್ತೀನಿ, ಆದರೂ ಏರುತ್ತದೆ.

ಏರಬಹುದು. ಲಿವರ್ ಸಕ್ಕರೆ ಬಿಡುತ್ತದೆ ಅಂದೆನಲ್ಲ, ಕಾರ್ಟಿಸಾಲ್ ಅದಕ್ಕೆ ಇನ್ನಷ್ಟು ಒತ್ತಾಸೆ ಕೊಡುತ್ತದೆ, ಇನ್ಸುಲಿನ್ ಕೆಲಸವನ್ನೂ ತಡೆಯುತ್ತದೆ. ಮನೆಯಲ್ಲಿ ಮದುವೆಯ ಓಡಾಟ ಇದ್ದ ತಿಂಗಳು ರೀಡಿಂಗ್ ಜಾಸ್ತಿ ಬಂದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮುಟ್ಟು ತಡವಾಗುವುದಕ್ಕೂ ಟೆನ್ಶನ್‌ಗೂ ಸಂಬಂಧ ಇದೆಯಾ?

ಇದೆ. ಮುಟ್ಟಿನ ಹಾರ್ಮೋನುಗಳ ಲಗಾಮು ಅದೇ ಹೈಪೋಥಾಲಮಸ್ ಕೈಯಲ್ಲಿದೆ. ಆದರೆ ಮೂರು ತಿಂಗಳು ಬರದಿದ್ದರೆ ಟೆನ್ಶನ್ ಅಂತ ಬಿಡಬೇಡಿ, ಥೈರಾಯ್ಡ್ ಸೇರಿ ಬೇರೆ ಕಾರಣಗಳೂ ಇರುತ್ತವೆ.

ಲ್ಯಾಬಿನಲ್ಲಿ ಕಾರ್ಟಿಸಾಲ್ ಟೆಸ್ಟ್ ಮಾಡಿಸಲಾ?

ಟೆನ್ಶನ್ ಅಳೆಯಲು ಅದು ಬೇಡ. ಅಡ್ರಿನಲ್ ಗ್ರಂಥಿಯ ಕಾಯಿಲೆ ಇದೆಯಾ ಅಂತ ನೋಡಲು ಡಾಕ್ಟರು ಬರೆಯುವ ಟೆಸ್ಟ್ ಅದು. ದುಡ್ಡು ಉಳಿಸಿ.

ಉಸಿರಾಟದಿಂದ ನಿಜವಾಗಿ ಕಡಿಮೆ ಆಗುತ್ತದೆಯಾ?

ಆಗುತ್ತದೆ, ಮತ್ತು ಅದಕ್ಕೆ ಕಾರಣ ಇದೆ. ಹೃದಯ ಬಡಿತ, ಬಿಪಿ ನಮ್ಮ ಮಾತು ಕೇಳುವುದಿಲ್ಲ. ಉಸಿರು ಕೇಳುತ್ತದೆ. ಉಸಿರು ಒಳಗೆ ಎಳೆದಾಗ ಹೃದಯ ಸ್ವಲ್ಪ ವೇಗವಾಗುತ್ತದೆ, ಹೊರಗೆ ಬಿಟ್ಟಾಗ ವೇಗಸ್ ನರ ಅದನ್ನು ನಿಧಾನ ಮಾಡುತ್ತದೆ. ಹೊರ ಉಸಿರು ಉದ್ದ ಆದಷ್ಟೂ ವೇಗಸ್‌ಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ನಿಮಗೇ ಗೊತ್ತಾಗುತ್ತದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು. ಐದು ನಿಮಿಷ ಸಾಕು.

ನಮ್ಮ ಪಕ್ಕದ ಮನೆಯ ಹುಡುಗಿ ಗಾಯನ ಕಲಿಯುತ್ತಾಳೆ. ನಸುಕಿನಲ್ಲಿ ತಂಬೂರಿ ಹಿಡಿದು ಷಡ್ಜಕ್ಕೆ ಕೂರುತ್ತಾಳೆ. ಒಂದು "ಸಾ" ಇಪ್ಪತ್ತು ಸೆಕೆಂಡ್ ನಡೆಯುತ್ತದೆ, ಆಮೇಲೆ ಗಬಕ್ಕನೆ ಒಂದು ಉಸಿರು, ಮತ್ತೆ "ಸಾ". ನಾನು ಹೂ ಕೀಳುತ್ತಾ ಎಣಿಸಿದ್ದೇನೆ. ಅದು ಅಪ್ಪಟ ಉದ್ದನೆಯ ಹೊರ ಉಸಿರು. ಮಲ್ಲಿಕಾರ್ಜುನ ಮನ್ಸೂರರ ಊರಲ್ಲಿ, ಭೀಮಸೇನ ಜೋಶಿ ಬೆಳೆದ ಗದಗಿನಲ್ಲಿ ಈ ಅಭ್ಯಾಸ ಎಷ್ಟೋ ತಲೆಮಾರಿನಿಂದ ಇದೆ. ಸಿದ್ಧಾರೂಢ ಮಠದ ಭಜನೆಯಲ್ಲಿ ಕೂತು ಎದ್ದವರು "ಜೀವ ಹಗುರಾತು" ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಹತ್ತು ಜನರ ಜತೆ ಕೂತು ಹಾಡಿದ್ದೂ ಅದರಲ್ಲಿ ಸೇರಿದೆ.

ನಡೆದಾಡಿದರೆ?

ಬಹಳ ಒಳ್ಳೆಯದು. ಓಡಲು ಅಂತ ತಯಾರಾದ ಮೈಗೆ ಓಡುವ ಕೆಲಸವನ್ನೇ ಕೊಟ್ಟ ಹಾಗೆ. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಕೆಲಗೇರಿ ಕೆರೆ, ಎಲ್ಲಿ ಹತ್ತಿರವೋ ಅಲ್ಲಿ ಅರ್ಧ ಗಂಟೆ ಸ್ವಲ್ಪ ಬೆವರುವ ಹಾಗೆ ನಡೆಯಿರಿ.

ಚಹಾ, ಗುಟ್ಕಾ, ಕುಡಿತ: ಇವುಗಳಿಂದ ತಲೆ ಹಗುರಾಗುತ್ತದಲ್ಲ?

ಚಹಾ ಕುಡಿಯಿರಿ, ನಾನೂ ಬಿಟ್ಟಿಲ್ಲ. ಆದರೆ ಸಂಜೆಯ ಚಹಾದಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ನಿದ್ದೆ ಬರುವುದಿಲ್ಲ ಅನ್ನುವವರು ನಾಲ್ಕು ಗಂಟೆಯ ನಂತರ ಬಿಡಿ. ಗುಟ್ಕಾ, ಬೀಡಿಯ ನಿಕೋಟಿನ್ ಹೃದಯ ಬಡಿತವನ್ನು ಏರಿಸುತ್ತದೆ. ಹಾಕಿಕೊಂಡಾಗ ಸಿಗುವ ನೆಮ್ಮದಿ ಹಿಂದಿನ ಪಾಕೀಟಿನ ಚಟ ತಂದ ಚಡಪಡಿಕೆ ಇಳಿದದ್ದು ಅಷ್ಟೇ. ಹೆಂಡ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ನಿದ್ದೆ ಒಡೆದ ಮಿದುಳಿಗೆ ಮರುದಿನ ಭಯ ಇನ್ನೂ ಜಾಸ್ತಿ.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಗೊಳ್ಳಲಾ?

ಬೇಡ. ಅಲ್ಪ್ರಜೋಲಂ ತರಹದ ಮಾತ್ರೆಗಳು ಬೇಗ ರೂಢಿಗೆ ಬೀಳುತ್ತವೆ. ಈಗಾಗಲೇ ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸಲೂಬೇಡಿ, ಫಿಟ್ಸ್ ಬರಬಹುದು. ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಮನೋವೈದ್ಯರು ಬರೆಯುವ ಎಲ್ಲಾ ಮಾತ್ರೆಗಳೂ ಹೀಗೆ ಅಂತ ತಿಳಿಯಬೇಡಿ. ಖಿನ್ನತೆಗೆ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ತಗೊಳ್ಳುತ್ತವೆ, ಅಲ್ಲಿಯವರೆಗೆ ತಾಳ್ಮೆ ಬೇಕು.

ಎಲ್ಲಿ ತೋರಿಸಬೇಕು? ಜನ ಏನಂತಾರೋ?

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ತೋರಿಸಿ. ಧಾರವಾಡದ ಬೆಳಗಾವಿ ರಸ್ತೆಯಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹಳೆಯ ಜನ ಅದನ್ನು ಬೇರೆ ಹೆಸರಿಂದ ಕರೆಯುತ್ತಿದ್ದರು, ಆ ಹೆಸರು ಎಷ್ಟೋ ಜನರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದೆ. ಇವತ್ತು ಅಲ್ಲಿನ ಸಾಲಿನಲ್ಲಿ ಮೇಷ್ಟ್ರು, ಬಾಣಂತಿಯರು, ಕಾಲೇಜು ಮಕ್ಕಳು ಎಲ್ಲರೂ ಇರುತ್ತಾರೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ. ಹಳ್ಳಿಯವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊರಗೆ ಹೋಗಲು ಆಗದವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸೇವೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರೊಬ್ಬರು ತೀರಾ ಕುಗ್ಗಿದ್ದಾರೆ. ನಾವು ಏನು ಹೇಳಬೇಕು?

"ಧೈರ್ಯವಾಗಿರು", "ನಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲ" ಅನ್ನಬೇಡಿ. ಕೇಳಿಸಿಕೊಳ್ಳಿ. "ಬದುಕೋದು ಸಾಕು ಅನ್ನಿಸ್ತೈತೇನು?" ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಅನ್ನೋ ಭಯ ಬೇಡ, ಕೇಳಿದ್ದರಿಂದ ಮನಸ್ಸು ಹಗುರಾದವರೇ ಹೆಚ್ಚು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊಲದ ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿಗಳಿದ್ದರೆ ಬೀಗ ಹಾಕಿ ಇಡಿ, ಕೀಲಿ ನಿಮ್ಮ ಹತ್ತಿರ ಇರಲಿ.

1956 ಮರೆತ ಹುಡುಗನ ಫಲಿತಾಂಶ ಬಂದ ವಾರ ಅವರಪ್ಪ ಬ್ಯಾಡಗಿಯಿಂದ ಬಂದರು. ಮಗ ಪಾಸಾಗಿರಲಿಲ್ಲ. ಅವರು ಆ ವಿಚಾರ ಎತ್ತಲೇ ಇಲ್ಲ. ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಉಂಡರು. ಮೊಸರು ಕೊಡಲು ಹೋದಾಗ ಆ ಹುಡುಗ ಅಪ್ಪನಿಗೆ ಅವತ್ತಿನ ಪರೀಕ್ಷೆ ಹಾಲಿನ ಕಥೆ ಹೇಳುತ್ತಿದ್ದ, ಅಪ್ಪ ತಾಡಪಾಲ ಹಿಡಿದು ಕೂತ ರಾತ್ರಿಯ ಕಥೆ ಹೇಳುತ್ತಿದ್ದರು.